ಬೆಕ್ಕಿನ ವೈರಲ್ ನ್ಯುಮೋನಿಯಾ

ಸಾಕುಬೆಕ್ಕಿನ ಶ್ವಾಸಕೋಶಕ್ಕೆ ವೈರಸ್ ಇಳಿದು, ಗಾಳಿ ತುಂಬಬೇಕಾದ ಸಣ್ಣ ಚೀಲಗಳಲ್ಲಿ ನೀರು, ಕೀವು, ಸತ್ತ ಕೋಶಗಳು ತುಂಬಿಕೊಳ್ಳುವ ಸ್ಥಿತಿಗೆ ಈ ಹೆಸರು. ಇದು ಒಂದೇ ರೋಗವಲ್ಲ. ಬೇರೆ ಬೇರೆ ವೈರಸ್‌ಗಳು ಬೇರೆ ಬೇರೆ ದಾರಿ ಹಿಡಿದು ಕೊನೆಗೆ ಬಂದು ಸೇರುವ ಒಂದೇ ಊರು ಎನ್ನಬಹುದು. ಬೆಕ್ಕಿಗೆ ನ್ಯುಮೋನಿಯಾ ಎಂದು ಪಶುವೈದ್ಯರು ಹೇಳಿದೊಡನೆ ಮನೆಯವರ ಬಾಯಿಂದ ಬರುವ ಮೊದಲ ಪ್ರಶ್ನೆ, 'ನಮ್ಮ ಮಕ್ಕಳಿಗೆ ಅಂಟುತ್ತದೆಯೇ?' ಎಂಬುದು. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಉತ್ತರ 'ಇಲ್ಲ'. ಆದರೆ 2004ರಿಂದೀಚೆಗೆ, ಭಾರತದ ಮಟ್ಟಿಗೆ 2025ರ ಆರಂಭದಿಂದೀಚೆಗೆ, ಆ 'ಇಲ್ಲ'ದ ಹಿಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕಾಗಿದೆ: ಬೆಕ್ಕು ಏನು ತಿಂದಿತ್ತು?

ಈ ಲೇಖನ ಮಹಾರಾಷ್ಟ್ರದ ನಾಶಿಕ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ವಿಭಾಗಗಳನ್ನೂ ಅವುಗಳಿಗೆ ತಾಗಿದಂತಿರುವ ಕರ್ನಾಟಕದ ಬೀದರ ಸೀಮೆಯನ್ನೂ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದೆ. ಬೆಕ್ಕಿಗೂ ತಗುಲಬಲ್ಲ ಹಕ್ಕಿಜ್ವರದ ಚರಿತ್ರೆ ಭಾರತದಲ್ಲಿ ಆರಂಭವಾದದ್ದೇ ಈ ಸೀಮೆಯಲ್ಲಿ.

ಮನೆಬೆಕ್ಕಿನ ನೆಗಡಿ

ಬೆಕ್ಕಿನ ಉಸಿರಾಟದ ಕಾಯಿಲೆಗಳಲ್ಲಿ ಬಹುಪಾಲು ಎರಡೇ ವೈರಸ್‌ಗಳ ಕೆಲಸ. ಒಂದು ಬೆಕ್ಕಿನ ಹರ್ಪಿಸ್ ವೈರಸ್, ಇನ್ನೊಂದು ಬೆಕ್ಕಿನ ಕ್ಯಾಲಿಸಿ ವೈರಸ್. ಎರಡೂ 1950ರ ದಶಕದ ಕೊನೆಯಲ್ಲಿ ಪ್ರಯೋಗಾಲಯದಲ್ಲಿ ಪತ್ತೆಯಾದವು. ಎರಡನ್ನೂ ಸೇರಿಸಿ ವೈದ್ಯರು 'ಕ್ಯಾಟ್ ಫ್ಲೂ' ಎನ್ನುವುದುಂಟು. ಹೆಸರಿನಲ್ಲಿ ಫ್ಲೂ ಇದ್ದರೂ ಇವಕ್ಕೂ ಇನ್‌ಫ್ಲುಯೆಂಜಾ ವೈರಸ್‌ಗೂ ಸಂಬಂಧವಿಲ್ಲ. ಈ ಹೆಸರು ಮಾಡಿರುವ ಗೊಂದಲ ಸಣ್ಣದೇನಲ್ಲ.

ಹರ್ಪಿಸ್ ವೈರಸ್‌ಗೆ ಕಣ್ಣು ಮೂಗು ಪ್ರಿಯ. ಕಣ್ಣು ಕೆಂಪಾಗಿ ಗೀಜು ಕಟ್ಟಿಕೊಳ್ಳುತ್ತದೆ, ಕಣ್ಣಿನ ಪಾರದರ್ಶಕ ಪದರದ ಮೇಲೆ ಬೇರು ಬಿಟ್ಟಂತೆ ಕವಲೊಡೆದ ಹುಣ್ಣುಗಳು ಏಳುತ್ತವೆ, ಮೂಗು ಕಟ್ಟಿ ವಾಸನೆ ತಿಳಿಯದ ಬೆಕ್ಕು ಊಟ ಬಿಡುತ್ತದೆ. ಬೆಕ್ಕಿಗೆ ವಾಸನೆಯೇ ಹಸಿವು. ಮೂಸಲಾಗದ ತಟ್ಟೆ ಅದರ ಪಾಲಿಗೆ ಖಾಲಿ ತಟ್ಟೆ. ಕ್ಯಾಲಿಸಿ ವೈರಸ್‌ನ ಗುರುತು ಬಾಯಲ್ಲಿ ಸಿಗುತ್ತದೆ: ನಾಲಿಗೆಯ ಅಂಚಿನಲ್ಲಿ ಹುಣ್ಣು, ಜೊಲ್ಲು, ಕೆಲವು ಮರಿಗಳಲ್ಲಿ ಒಂದೆರಡು ದಿನದ ಕುಂಟು. ಎರಡರಲ್ಲಿಯೂ ಸೋಂಕು ಸಾಮಾನ್ಯವಾಗಿ ಮೂಗು ಗಂಟಲುಗಳಲ್ಲಿಯೇ ನಿಲ್ಲುತ್ತದೆ. ಶ್ವಾಸಕೋಶಕ್ಕೆ ಇಳಿಯುವುದು ಎಳೆಯ ಮರಿಗಳಲ್ಲಿ, ತಾಯಿಹಾಲು ಬೇಗ ತಪ್ಪಿದವುಗಳಲ್ಲಿ, ಮುದಿಬೆಕ್ಕುಗಳಲ್ಲಿ. ಹಾಗೆ ಇಳಿದಾಗಲೂ ಸಾವಿಗೆ ಕಾರಣ ಎಷ್ಟೋ ಸಲ ವೈರಸ್ ಅಲ್ಲ, ಅದು ತೆರೆದುಕೊಟ್ಟ ಬಾಗಿಲಲ್ಲಿ ನುಗ್ಗಿದ ಬೋರ್ಡೆಟೆಲ್ಲಾ, ಪಾಶ್ಚುರೆಲ್ಲಾ, ಮೈಕೊಪ್ಲಾಸ್ಮಾದಂಥ ಬ್ಯಾಕ್ಟೀರಿಯಾಗಳು.

ಹರ್ಪಿಸ್ ತಗುಲಿದ ಬೆಕ್ಕಿನಲ್ಲಿ ವೈರಸ್ ಪೂರ್ತಿ ಹೋಗುವುದೇ ಇಲ್ಲ. ಮುಖದ ನರಗಂಟಿನಲ್ಲಿ ಅಡಗಿ ಕೂರುತ್ತದೆ. ಮನೆ ಬದಲಾಯಿಸಿದಾಗ, ಹೊಸ ಬೆಕ್ಕು ಬಂದಾಗ, ಹೆತ್ತಾಗ, ಹೊರಗೆ ಪಟಾಕಿ ಸಿಡಿದಾಗ ಮತ್ತೆ ಮೇಲೇಳುತ್ತದೆ. ದೀಪಾವಳಿಯ ನಂತರದ ವಾರ ಸೀನುವ ಬೆಕ್ಕಿಗೆ ಹೊಗೆಯೊಂದೇ ಕಾರಣವೆಂದು ತಿಳಿಯಬೇಕಿಲ್ಲ.

ಮನುಷ್ಯರ ಮಟ್ಟಿಗೆ ಈ ಎರಡೂ ವೈರಸ್‌ಗಳು ನಿರುಪದ್ರವಿ. ಬೆಕ್ಕಿನ ಹರ್ಪಿಸ್‌ನಿಂದ ಮನುಷ್ಯರಿಗೆ ಹರ್ಪಿಸ್ ಬರುವುದಿಲ್ಲ, ಕ್ಯಾಲಿಸಿಯೂ ದಾಟುವುದಿಲ್ಲ. ಆದರೆ ಅವು ನಮ್ಮ ಮೈಮೇಲೆ ಸವಾರಿ ಮಾಡುತ್ತವೆ. ಒಂದು ಮನೆಯ ಬೆಕ್ಕನ್ನು ನೇವರಿಸಿದ ಕೈ, ಸೀರೆಯ ಸೆರಗು, ಚಪ್ಪಲಿ ಇನ್ನೊಂದು ಮನೆಯ ಮರಿಗೆ ವೈರಸ್ ಒಯ್ಯಬಲ್ಲವು. ಕ್ಯಾಲಿಸಿಗೆ ಕೊಬ್ಬಿನ ಹೊದಿಕೆ ಇಲ್ಲವಾದ್ದರಿಂದ ಅದು ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ನೀರಿಗೆ ಬೆರೆಸಿದ ಬ್ಲೀಚ್ ಬೇಕು. ಹೊದಿಕೆಯಿರುವ ಹರ್ಪಿಸ್ ಮತ್ತು ಇನ್‌ಫ್ಲುಯೆಂಜಾ ವೈರಸ್‌ಗಳು ಸಾಮಾನ್ಯ ಸಾಬೂನಿಗೇ ಕರಗುತ್ತವೆ.

ನ್ಯುಮೋನಿಯಾದೊಂದಿಗೆ ಜನ ಬೆರೆಸಿಬಿಡುವ ಇನ್ನೊಂದು ರೋಗ ಪ್ಯಾನ್‌ಲ್ಯೂಕೊಪೀನಿಯಾ, ಅಂದರೆ ಎಫ್‌ಪಿವಿ. 2023ರಲ್ಲಿ ಬನ್ನೇರುಘಟ್ಟ ಉದ್ಯಾನದ 7 ಚಿರತೆಮರಿಗಳು ಸತ್ತದ್ದು ಇದರಿಂದ; 2025ರ ಆರಂಭದಲ್ಲಿ ರಾಯಚೂರಿನ ಬೆಕ್ಕುಗಳು ಸಾಯುತ್ತಿರುವ ಸುದ್ದಿಯಲ್ಲಿ ಕೇಳಿಬಂದದ್ದೂ ಇದೇ ಹೆಸರು. ಅದು ಕರುಳನ್ನೂ ಬಿಳಿ ರಕ್ತಕಣಗಳನ್ನೂ ಹಾಳುಮಾಡುವ ರೋಗ, ವಾಂತಿ ಭೇದಿ ಅದರ ಲಕ್ಷಣ. ಮನುಷ್ಯರಿಗೆ ಬರುವುದಿಲ್ಲ.

ಉಸಿರನ್ನು ಎಣಿಸುವುದು

ಬೆಕ್ಕು ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ನಾಯಿಯಂತೆ ಕೆಮ್ಮಿ ಊರಿಗೆ ಸಾರುವುದಿಲ್ಲ. ಮಂಚದ ಕೆಳಗೆ, ಅಕ್ಕಿಚೀಲದ ಹಿಂದೆ ಹೋಗಿ ಕೂರುತ್ತದೆ. ಆದ್ದರಿಂದ ನೋಡಬೇಕಾದದ್ದು ಅದರ ಪಕ್ಕೆಯನ್ನು. ಬೆಕ್ಕು ನಿದ್ದೆಯಲ್ಲಿರುವಾಗ ಗಡಿಯಾರ ಹಿಡಿದು ಪಕ್ಕೆ ಮೇಲೇರಿ ಇಳಿದದ್ದನ್ನು ಒಂದು ಎಂದು ಲೆಕ್ಕ ಹಾಕಿದರೆ, ಆರೋಗ್ಯವಂತ ಬೆಕ್ಕಿನಲ್ಲಿ ಒಂದು ನಿಮಿಷಕ್ಕೆ 15ರಿಂದ 30 ಸಿಗುತ್ತದೆ. ನಿದ್ದೆಯಲ್ಲಿಯೂ 40 ದಾಟಿತೆಂದರೆ ವೈದ್ಯರನ್ನು ಕಾಣಬೇಕು.

ನ್ಯುಮೋನಿಯಾ ಬಲಿತ ಬೆಕ್ಕು ಮಲಗುವುದಿಲ್ಲ. ಮುಂಗಾಲುಗಳ ಮೊಣಕೈಯನ್ನು ಹೊರಕ್ಕೆ ಚಾಚಿ, ಕತ್ತನ್ನು ಮುಂದಕ್ಕೆ ನೀಡಿ, ಕುಳಿತೇ ಇರುತ್ತದೆ. ಪ್ರತಿ ಉಸಿರಿಗೂ ಎದೆಗಿಂತ ಹೊಟ್ಟೆ ಹೆಚ್ಚು ಅಲುಗುತ್ತದೆ. ಬಾಯಿ ತೆರೆದು ಉಸಿರಾಡತೊಡಗಿದರೆ ಅದು ಗಂಟೆಗಳ ಲೆಕ್ಕದ ತುರ್ತು. ನಾಯಿ ಬಾಯಿ ತೆರೆದರೆ ಸೆಕೆ, ಬೆಕ್ಕು ತೆರೆದರೆ ಸಂಕಟ. ಒಸಡು ನೋಡಬೇಕು, ಗುಲಾಬಿ ಬಣ್ಣ ಹೋಗಿ ಬೂದು ಅಥವಾ ನೀಲಿಗೆ ತಿರುಗಿದ್ದರೆ ರಕ್ತಕ್ಕೆ ಆಮ್ಲಜನಕ ಸಿಗುತ್ತಿಲ್ಲ. ಇಂಥ ಬೆಕ್ಕನ್ನು ಚೀಲಕ್ಕೆ ತುರುಕಿ ಬೈಕಿನ ಮೇಲೆ ಒಯ್ಯುವ ಗಡಿಬಿಡಿಯಲ್ಲಿಯೇ ಅದರ ಪ್ರಾಣ ಹೋದೀತು. ಗಾಳಿಯಾಡುವ ಪೆಟ್ಟಿಗೆ, ಮೇಲೊಂದು ಬಟ್ಟೆ, ಸದ್ದಿಲ್ಲದ ಪಯಣ ಬೇಕು.

ಹಕ್ಕಿಜ್ವರದ ವೈರಸ್ ತಗುಲಿದ ಬೆಕ್ಕಿನ ಚಿತ್ರ ಸ್ವಲ್ಪ ಬೇರೆ. ಜ್ವರ ಏರುತ್ತದೆ, ಊಟ ನಿಲ್ಲುತ್ತದೆ, ಎರಡು ಮೂರು ದಿನದಲ್ಲಿ ಉಬ್ಬಸ ಬರುತ್ತದೆ. ಅಷ್ಟರಲ್ಲಿ ಅಥವಾ ಅದಕ್ಕೂ ಮೊದಲೇ ಬೆಕ್ಕು ತೂರಾಡುತ್ತದೆ, ಒಂದೇ ಕಡೆ ಸುತ್ತುತ್ತದೆ, ಕಣ್ಣು ಕಾಣದಂತೆ ಗೋಡೆಗೆ ಬಡಿದುಕೊಳ್ಳುತ್ತದೆ, ಸೆಳವು ಬಂದು ಬೀಳುತ್ತದೆ. ವೈರಸ್ ಶ್ವಾಸಕೋಶದ ಆಳದ ಕೋಶಗಳಿಗೂ ಮಿದುಳಿಗೂ ಏಕಕಾಲಕ್ಕೆ ಹತ್ತುವುದೇ ಇದಕ್ಕೆ ಕಾರಣ. ಉಬ್ಬಸ ಮತ್ತು ನರದ ಲಕ್ಷಣ ಒಟ್ಟಿಗೆ ಕಂಡರೆ ಪಶುವೈದ್ಯರಿಗೆ ಮೊದಲು ರೇಬೀಸ್‌ನ ಅನುಮಾನ, ನಂತರ ಹಕ್ಕಿಜ್ವರದ್ದು ಬರಬೇಕು.

ಕೋಳಿಯಿಂದ ಬೆಕ್ಕಿಗೆ

ಬೆಕ್ಕಿಗೆ ಫ್ಲೂ ಬರುವುದಿಲ್ಲ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. 2004ರಲ್ಲಿ ಅದು ಮುರಿಯಿತು. ಥಾಯ್ಲೆಂಡ್‌ನ ಸುಫನ್ ಬುರಿ ಪ್ರಾಂತ್ಯದಲ್ಲಿ ಸತ್ತ ಪಾರಿವಾಳ ತಿಂದ ಒಂದು ಗಂಡುಬೆಕ್ಕು ತೀವ್ರ ಜ್ವರ, ಏದುಸಿರು, ಸೆಳವು ಬಂದು ಸತ್ತಿತು. ಅದರ ಶ್ವಾಸಕೋಶದಲ್ಲಿ ಸಿಕ್ಕದ್ದು ಹಕ್ಕಿಜ್ವರದ ವೈರಸ್, ಎಚ್‌5ಎನ್‌1. ಅದೇ ವರ್ಷ ನೆದರ್ಲೆಂಡ್ಸ್‌ನ ಸಂಶೋಧಕರು ಬೆಕ್ಕುಗಳಿಗೆ ಸೋಂಕಿತ ಕೋಳಿಮಾಂಸ ತಿನ್ನಿಸಿ ರೋಗ ತರಬಹುದೆಂದೂ, ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ದಾಟಬಲ್ಲದೆಂದೂ ತೋರಿಸಿದರು. ಅಕ್ಟೋಬರಿನಲ್ಲಿ ಥಾಯ್ಲೆಂಡ್‌ನ ಸಿ ರಾಚಾದ ಹುಲಿಧಾಮದಲ್ಲಿ ಹಸಿ ಕೋಳಿ ತಿಂದ ಹುಲಿಗಳು ಬಿದ್ದವು: 441 ಹುಲಿಗಳಲ್ಲಿ 147 ಸತ್ತವು ಅಥವಾ ದಯಾಮರಣಕ್ಕೆ ಒಳಗಾದವು.

ನಂತರದ ಪ್ರಕರಣಗಳೆಲ್ಲ ಒಂದೇ ಕತೆಯ ಬೇರೆ ಬೇರೆ ಪಾಠಾಂತರಗಳಂತಿವೆ. 2023ರ ಜೂನ್ ವೇಳೆಗೆ ಪೋಲೆಂಡ್‌ನಲ್ಲಿ ಮನೆಯೊಳಗೇ ಬೆಳೆದ ಬೆಕ್ಕುಗಳೂ ಸಾಯತೊಡಗಿದವು. ಪರೀಕ್ಷಿಸಿದ 47 ಪ್ರಾಣಿಗಳಲ್ಲಿ 29ಕ್ಕೆ ಎಚ್‌5ಎನ್‌1 ಇತ್ತು. ಅನುಮಾನ ಹೋದದ್ದು ಹಸಿ ಕೋಳಿಮಾಂಸದ ಮೇಲೆ. ಅದೇ ವರ್ಷದ ಜುಲೈಯಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನ ಒಂದು ಆಶ್ರಯತಾಣದಲ್ಲಿ 40 ಬೆಕ್ಕುಗಳಲ್ಲಿ 38 ಸತ್ತವು. 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್‌ನ ಡೈರಿಯೊಂದರಲ್ಲಿ ಕಾಯಿಸದ ಹಾಲು ಕುಡಿಯುತ್ತಿದ್ದ ಸುಮಾರು 24 ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಹಸುಗಳ ಕೆಚ್ಚಲಿನಲ್ಲಿ ಹಕ್ಕಿಜ್ವರದ ವೈರಸ್ ಇದೆ ಎಂಬುದು ಬೆಳಕಿಗೆ ಬಂದದ್ದರಲ್ಲಿ ಆ ಸತ್ತ ಬೆಕ್ಕುಗಳ ಪಾತ್ರ ದೊಡ್ಡದು. ಅದೇ ವರ್ಷಾಂತ್ಯದಲ್ಲಿ ಒರೆಗಾನ್ ರಾಜ್ಯದ ಬೆಕ್ಕೊಂದು ಹಸಿ ಟರ್ಕಿಮಾಂಸದ ಪೊಟ್ಟಣದ ಆಹಾರ ತಿಂದು ಸತ್ತಿತು.

ಪಾರಿವಾಳ, ಕೋಳಿ, ಹಾಲು, ಟರ್ಕಿ. ಎಲ್ಲೆಡೆ ವೈರಸ್ ಬಂದದ್ದು ತಟ್ಟೆಯ ಮೂಲಕ. ಹೊಟ್ಟೆಗೆ ಹೋದ ವೈರಸ್ ಶ್ವಾಸಕೋಶಕ್ಕೆ ಹೇಗೆ ಬಂತು ಎಂದು ಕೇಳಬಹುದು. ಹಸಿಮಾಂಸ ಕಚ್ಚಿ ಎಳೆಯುವಾಗ ಗಂಟಲಿನ ಒಳಪದರಕ್ಕೆ ಅಂಟುತ್ತದೆ, ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಇಡೀ ಮೈ ಅದರದೇ. ಹಕ್ಕಿಯ ವೈರಸ್ ಹಿಡಿದುಕೊಳ್ಳಲು ಬೇಕಾದ ಕೊಂಡಿಗಳು ಬೆಕ್ಕಿನ ಶ್ವಾಸಕೋಶದ ಆಳದಲ್ಲಿ ಧಾರಾಳವಾಗಿವೆ.

ಗೋದಾವರಿಯ ಬಯಲು

2006ರ ಫೆಬ್ರುವರಿ 18ರಂದು ಭಾರತದ ಮೊದಲ ಹಕ್ಕಿಜ್ವರ ದೃಢಪಟ್ಟದ್ದು ನವಾಪುರದಲ್ಲಿ. ನಾಶಿಕ ವಿಭಾಗದ ನಂದುರಬಾರ್ ಜಿಲ್ಲೆಯ ಈ ಪಟ್ಟಣ ಎಷ್ಟು ಗಡಿಯಲ್ಲಿದೆಯೆಂದರೆ ಅದರ ರೈಲುನಿಲ್ದಾಣದ ಒಂದು ಭಾಗ ಮಹಾರಾಷ್ಟ್ರಕ್ಕೂ ಇನ್ನೊಂದು ಭಾಗ ಗುಜರಾತಿಗೂ ಸೇರಿದೆ. ಸೂರತ್ ಪೇಟೆಗೆ ಮೊಟ್ಟೆ ಕಳಿಸುವ ಕೋಳಿಫಾರಂಗಳು ಇಲ್ಲಿ ಒತ್ತೊತ್ತಾಗಿ ಬೆಳೆದಿದ್ದವು. ಲಕ್ಷಗಟ್ಟಲೆ ಕೋಳಿಗಳನ್ನು ಕೊಂದು ಹೂಳಲಾಯಿತು. ಮುಂದಿನ ತಿಂಗಳು ಅದೇ ವಿಭಾಗದ ಜಳಗಾವ ಜಿಲ್ಲೆಯ ಹಳ್ಳಿಗಳ ಹಿತ್ತಲಕೋಳಿಗಳಿಗೂ ಬಂತು. ನವಾಪುರ ಕೋಳಿ ಹೂಳುತ್ತಿದ್ದ ಆ ಫೆಬ್ರುವರಿಯಲ್ಲೇ ಜರ್ಮನಿಯ ರ‍್ಯೂಗನ್ ದ್ವೀಪದಲ್ಲಿ ಸತ್ತ ಬೆಕ್ಕೊಂದರಲ್ಲಿ ಎಚ್‌5ಎನ್‌1 ಸಿಕ್ಕಿ ಯುರೋಪಿನ ಮನೆಮನೆಯಲ್ಲೂ ಬೆಕ್ಕಿನ ಮಾತು ಹತ್ತಿತು. ನಮ್ಮಲ್ಲಿ ಮಾತೆಲ್ಲ ಮೊಟ್ಟೆಯ ಬೆಲೆಯದ್ದು. 2021ರಲ್ಲಿ ನವಾಪುರಕ್ಕೆ ಹಕ್ಕಿಜ್ವರ ಮತ್ತೆ ಬಂತು.

ಈ ಸೀಮೆಯ ನೀರನ್ನು ನೋಡಿದರೆ ಕಾರಣ ತಿಳಿಯುತ್ತದೆ. ನಾಶಿಕ ಜಿಲ್ಲೆಯ ನಿಫಾಡ ತಾಲ್ಲೂಕಿನಲ್ಲಿ ಗೋದಾವರಿ, ಕಾದವಾ ನದಿಗಳು ಕೂಡುವಲ್ಲಿ ನಾಂದೂರ ಮಧ್ಮೇಶ್ವರ ಪಕ್ಷಿಧಾಮವಿದೆ. 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ (ಜಾಗತಿಕ ಮಹತ್ವದ ಜೌಗುಪ್ರದೇಶ) ಎನಿಸಿದ್ದು ಅದೇ. ಅದೇ ನದಿ ಕೆಳಗೆ ಹರಿದು ಸಂಭಾಜಿನಗರ ಜಿಲ್ಲೆಯ ಪೈಠಣದ ಬಳಿ ಜಾಯಕವಾಡಿ ಜಲಾಶಯವಾಗುತ್ತದೆ, ಅದೂ ಪಕ್ಷಿಧಾಮವೇ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಬಾತುಗಳು ಎರಡೂ ಕಡೆ ಇಳಿಯುತ್ತವೆ. ಕಾಡುಬಾತು ಹಕ್ಕಿಜ್ವರದ ವೈರಸ್‌ನ ಹಳೆಯ ಮನೆ. ಎಷ್ಟೋ ಸಲ ತಾನು ನರಳದೆ ಹಿಕ್ಕೆಯಲ್ಲಿ ವೈರಸ್ ಬಿಟ್ಟು ಹೋಗುತ್ತದೆ. ಹಾಗೆಂದು ಬಾತಿನ ಮೇಲೆಯೇ ಎಲ್ಲವನ್ನೂ ಹೊರಿಸುವುದು ಸರಿಯಲ್ಲ. ಒಂದು ಫಾರಂನಿಂದ ಇನ್ನೊಂದಕ್ಕೆ ವೈರಸ್ಸನ್ನು ದಾಟಿಸುವವರು ಹೆಚ್ಚಾಗಿ ನಾವೇ: ಮೊಟ್ಟೆಯ ಟ್ರೇ, ಟೆಂಪೊದ ಗಾಲಿ, ಕೂಲಿಯವರ ಚಪ್ಪಲಿ.

ಸಂಭಾಜಿನಗರ ವಿಭಾಗ, ಅಂದರೆ ಹಳೆಯ ಮರಾಠವಾಡಾ, ಈ ಪಟ್ಟಿಗೆ 2021ರ ಜನವರಿಯಲ್ಲಿ ಸುದ್ದಿಯಾಗಿ ಸೇರಿತು. ಪರಭಣಿ ಜಿಲ್ಲೆಯ ಮುರುಂಬಾ ಎಂಬ ಹಳ್ಳಿಯಲ್ಲಿ ಸುಮಾರು 800 ಕೋಳಿಗಳು ಸತ್ತು ಹಕ್ಕಿಜ್ವರ ದೃಢವಾಯಿತು. 2025ರ ಜನವರಿಯಲ್ಲಿ ಸರದಿ ಲಾತೂರ ಜಿಲ್ಲೆಯ ಉದಗೀರದ್ದು. ಈ ಬಾರಿ ಸತ್ತದ್ದು ಕಾಗೆಗಳು. ಪಟ್ಟಣದ ಉದ್ಯಾನಗಳಲ್ಲಿ, ನೀರಿನ ಟ್ಯಾಂಕಿನ ಸುತ್ತ ಕಾಗೆಗಳು ಉದುರಿದವು, 50ಕ್ಕೂ ಹೆಚ್ಚು. ಮಾದರಿಗಳು ಪುಣೆಯ ಔಂಧ್ ಪ್ರಯೋಗಾಲಯದ ಮೂಲಕ ಭೋಪಾಲದ ಪಶುರೋಗ ಸಂಸ್ಥೆಗೆ ಹೋದವು; ಫಲಿತಾಂಶ ಎಚ್‌5ಎನ್‌1 ಎಂದು ಬಂತು. ಸುತ್ತ 10 ಕಿ.ಮೀ. ಎಚ್ಚರಿಕೆಯ ವಲಯವಾಯಿತು.

ಉದಗೀರ ಕನ್ನಡಿಗರಿಗೆ ದೂರದ ಊರಲ್ಲ. 1956ರವರೆಗೆ ಅದು ಬೀದರ ಜಿಲ್ಲೆಯಲ್ಲಿಯೇ ಇತ್ತು. ಇಂದಿಗೂ ಬೀದರಿನಿಂದ ಹೊರಟ ರೈಲು ಭಾಲ್ಕಿ, ಕಮಲನಗರ ದಾಟಿದರೆ ಮುಂದೆ ಸಿಗುವ ದೊಡ್ಡ ನಿಲ್ದಾಣ ಉದಗೀರವೇ. ಕಾಗೆಗೆ 1956ರ ಗಡಿ ಗೊತ್ತಿಲ್ಲ. ಬೀದರಿಗೂ ಈ ರೋಗ ಹೊಸದಲ್ಲ. 2016ರ ಮೇ ತಿಂಗಳಲ್ಲಿ ಹುಮನಾಬಾದ್ ತಾಲ್ಲೂಕಿನ ಮೋಳಕೇರಾದ ಕೋಳಿಫಾರಂನಲ್ಲಿ ಹಕ್ಕಿಜ್ವರ ಕಂಡು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಬೇಕಾಯಿತು. ಕರ್ನಾಟಕದ ಇತರ ಕಡೆಯೂ ಬಂದದ್ದುಂಟು: 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ ಮತ್ತು ಸಂಡೂರು ತಾಲ್ಲೂಕಿನ ಕುರೇಕುಪ್ಪ.

ಕಾಗೆ ಸತ್ತರೆ ಬೆಕ್ಕಿಗೇಕೆ ಭಯ? ಸಂಜೆ ಯಾವುದೇ ಚಿಕನ್ ಅಂಗಡಿಯ ಎದುರು ಐದು ನಿಮಿಷ ನಿಂತರೆ ಸಾಕು. ಕೊರಡಿನ ಮೇಲೆ ಕತ್ತಿ ಬೀಳುತ್ತಿರುತ್ತದೆ, ಕೆಳಗಿನ ನೀಲಿ ಡ್ರಮ್ಮಿಗೆ ತಲೆ, ಕರುಳು, ಪುಕ್ಕ ಸೇರುತ್ತಿರುತ್ತವೆ. ಮೋರಿಯ ಅಂಚಿನಲ್ಲಿ ಎರಡು ಬೆಕ್ಕು, ಮೇಲೆ ತಂತಿಯಲ್ಲಿ ನಾಲ್ಕು ಕಾಗೆ, ಎಲ್ಲರ ಕಣ್ಣೂ ಆ ಡ್ರಮ್ಮಿನ ಮೇಲೆ. ಎಸೆದ ಚೂರನ್ನು ಮೊದಲು ಯಾರು ಹಾರಿಸಿದರು ಎಂಬುದಷ್ಟೇ ವ್ಯತ್ಯಾಸ. ಆ ಬೆಕ್ಕುಗಳಲ್ಲಿ ಒಂದು ರಾತ್ರಿ ಯಾವುದೋ ಮನೆಯ ಮಗುವಿನ ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗುತ್ತದೆ. ವೈರಸ್ ಮನೆಯೊಳಕ್ಕೆ ಬರಲು ಇದಕ್ಕಿಂತ ಹತ್ತಿರದ ದಾರಿ ಬೇರಿಲ್ಲ.

ನಾಗಪುರ, ಛಿಂದ್ವಾಡಾ

ಭಾರತದಲ್ಲಿ ಬೆಕ್ಕಿನ ಕುಲಕ್ಕೆ ಹಕ್ಕಿಜ್ವರ ಬಂದ ಸುದ್ದಿ ಮೊದಲು ಕೇಳಿದ್ದು ದೊಡ್ಡ ಬೆಕ್ಕುಗಳಿಂದ. 2024ರ ಡಿಸೆಂಬರಿನಲ್ಲಿ ನಾಗಪುರದ ಗೋರೆವಾಡಾದ ರಕ್ಷಣಾ ಕೇಂದ್ರದಲ್ಲಿ 3 ಹುಲಿ, 1 ಚಿರತೆ ಸತ್ತವು. ಮನುಷ್ಯರೊಂದಿಗಿನ ಸಂಘರ್ಷದ ಕಾರಣಕ್ಕೆ ಚಂದ್ರಪುರದ ಕಾಡಿನಿಂದ ಹಿಡಿದು ತಂದ ಹುಲಿಗಳು ಅವು. ಜನವರಿಯ ಮೊದಲ ವಾರ ಭೋಪಾಲದ ವರದಿ ಬಂತು: ಎಚ್‌5ಎನ್‌1. ರಾಜ್ಯದ ಪ್ರಾಣಿಸಂಗ್ರಹಾಲಯಗಳಿಗೆಲ್ಲ ಎಚ್ಚರಿಕೆ ಹೋಯಿತು. ತಲೆಮಾರುಗಳಿಂದ ಹುಲಿ ಸಾಕಿ ಹೆಸರು ಮಾಡಿರುವ ಸಂಭಾಜಿನಗರದ ಸಿದ್ಧಾರ್ಥ ಉದ್ಯಾನದಂಥ ಕಡೆ ಇಂಥ ಎಚ್ಚರಿಕೆಗೆ ವಿಶೇಷ ಅರ್ಥವಿದೆ. ಬೋನಿನ ಹುಲಿಗೆ ತಾನು ತಿನ್ನುವುದನ್ನು ಆರಿಸುವ ಸ್ವಾತಂತ್ರ್ಯವಿಲ್ಲ.

ಅದೇ ಜನವರಿಯ ಕೊನೆಯಲ್ಲಿ, ನಾಗಪುರದಿಂದ ಉತ್ತರಕ್ಕೆ ಕೆಲವೇ ತಾಸಿನ ದಾರಿಯಲ್ಲಿರುವ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳು ಸತ್ತವು. ತೀವ್ರ ಜ್ವರ, ಊಟ ಬಿಟ್ಟದ್ದು, ನಿತ್ರಾಣ, ಒಂದರಿಂದ ಮೂರು ದಿನದಲ್ಲಿ ಸಾವು. ಪರೀಕ್ಷೆಯಲ್ಲಿ ಎಚ್‌5ಎನ್‌1. ಭಾರತದ ಸಾಕುಬೆಕ್ಕುಗಳಲ್ಲಿ ಇದು ಮೊದಲ ದಾಖಲೆ. ಕೋಳಿಪೇಟೆ ಮುಚ್ಚಿಸಲಾಯಿತು, ಬೆಕ್ಕುಗಳ ಸಂಪರ್ಕದಲ್ಲಿದ್ದವರ ಮಾದರಿ ತೆಗೆಯಲಾಯಿತು. ಮನುಷ್ಯರಲ್ಲಿ ವೈರಸ್ ಸಿಗಲಿಲ್ಲ. ಉದಗೀರದ ಕಾಗೆ, ನಾಗಪುರದ ಹುಲಿ, ಛಿಂದ್ವಾಡಾದ ಬೆಕ್ಕು ಮೂರೂ ಏಳೆಂಟು ವಾರಗಳ ಒಳಗಿನ ಘಟನೆಗಳು.

ಮನುಷ್ಯರಿಗೆ ಅಪಾಯವೆಷ್ಟು

ಬೆಕ್ಕಿನ ಶ್ವಾಸಕೋಶದ ವೈರಸ್‌ಗಳಲ್ಲಿ ಮನುಷ್ಯರಿಗೆ ದಾಟಿದ್ದು ದಾಖಲಾಗಿರುವ ಪ್ರಕರಣಗಳನ್ನು ಬೆರಳಲ್ಲಿ ಎಣಿಸಬಹುದು. 2016ರ ಕೊನೆಯಲ್ಲಿ ನ್ಯೂಯಾರ್ಕ್‌ನ ಬೆಕ್ಕಿನ ಆಶ್ರಯತಾಣಗಳಲ್ಲಿ ಎಚ್‌7ಎನ್‌2 ಎಂಬ ಇನ್ನೊಂದು ಹಕ್ಕಿಫ್ಲೂ ಹರಡಿ ಸುಮಾರು 500 ಬೆಕ್ಕುಗಳಿಗೆ ತಗುಲಿತು. ಅವುಗಳ ಮೂಗು ಗಂಟಲುಗಳ ಮಾದರಿ ತೆಗೆಯುತ್ತಿದ್ದ ಒಬ್ಬ ಪಶುವೈದ್ಯರಿಗೆ ಸೋಂಕು ಬಂತು. ಸಣ್ಣ ಗಂಟಲುನೋವಿನಲ್ಲಿ ಮುಗಿಯಿತು. ಎರಡನೆಯದು ಕೋವಿಡ್‌ನದು. 2021ರಲ್ಲಿ ಥಾಯ್ಲೆಂಡ್‌ನ ಸೋಂಗ್‌ಖ್ಲಾದಲ್ಲಿ ಸೋಂಕಿತ ಕುಟುಂಬದ ಬೆಕ್ಕಿನ ಮೂಗಿಗೆ ಕಡ್ಡಿ ಹಾಕುವಾಗ ಬೆಕ್ಕು ಪಶುವೈದ್ಯೆಯ ಮುಖಕ್ಕೇ ಸೀನಿತು. ಅವರು ಮಾಸ್ಕ್, ಕೈಗವಸು ಹಾಕಿದ್ದರು, ಕಣ್ಣಿಗೆ ರಕ್ಷಣೆ ಇರಲಿಲ್ಲ. ಕೆಲವು ದಿನಗಳಲ್ಲಿ ಕೋವಿಡ್ ಬಂತು, ವೈರಸ್‌ನ ವಂಶಾವಳಿ ಬೆಕ್ಕಿನದಕ್ಕೇ ಹೊಂದಿತು. ಎರಡರಲ್ಲೂ ಸಿಕ್ಕಿಬಿದ್ದದ್ದು ಬೆಕ್ಕಿನ ಬಾಯಿ ಮೂಗಿಗೆ ಮುಖವೊಡ್ಡುವ ವೈದ್ಯರು, ಮನೆಯವರಲ್ಲ.

ಕೋವಿಡ್ ಕಾಲದ ಹೆದರಿಕೆ ನೆನಪಿಡಬೇಕಾದದ್ದು. 2020ರಲ್ಲಿ ಎಷ್ಟೋ ಮನೆಗಳವರು ಬೆಕ್ಕನ್ನು ಬೀದಿಗೆ ಬಿಟ್ಟರು. ನಿಜದಲ್ಲಿ ಸೋಂಕು ಹರಿದದ್ದು ತಿರುವುಮುರುವಾಗಿ: ಮನುಷ್ಯರಿಂದ ಬೆಕ್ಕಿಗೆ, ಹೈದರಾಬಾದ್ ಮತ್ತು ಚೆನ್ನೈನ ವಂಡಲೂರು ಪ್ರಾಣಿಸಂಗ್ರಹಾಲಯಗಳ ಸಿಂಹಗಳಿಗೆ. ಬೆಕ್ಕಿನದೇ ಆದ ಕೊರೋನಾ ವೈರಸ್ ಬೇರೊಂದಿದೆ. ಅದು ಎಫ್‌ಐಪಿ ಎಂಬ ಭೀಕರ ರೋಗ ತರುತ್ತದೆ, ಆದರೆ ಬೆಕ್ಕಿಗೆ ಮಾತ್ರ. 'ಕೊರೋನಾ' ಎಂಬ ಪದ ಬಿದ್ದ ಲ್ಯಾಬ್ ವರದಿ ಓದಿ ಬೆಕ್ಕನ್ನು ತೊರೆದರೆ ಅದು ಓದಿನ ದೋಷ.

ಎಚ್‌5ಎನ್‌1ರ ವಿಷಯದಲ್ಲಿ ಲೆಕ್ಕ ಬೇರೆ. 2003ರಿಂದ 2025ರ ವರೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ಇದು ಬಂದಿದೆ, ಸುಮಾರು ಅರ್ಧದಷ್ಟು ಜನ ಸತ್ತಿದ್ದಾರೆ. ಅವರಲ್ಲಿ ಬಹುತೇಕರಿಗೆ ಬಂದದ್ದು ಕೋಳಿ, ಬಾತುಗಳಿಂದ. ಪೋಲೆಂಡ್‌ನಲ್ಲಿ ಸತ್ತ ಬೆಕ್ಕುಗಳೊಂದಿಗೆ ಇದ್ದ ಎಪ್ಪತ್ತರಷ್ಟು ಜನರ ಮೇಲೆ ನಿಗಾ ಇಟ್ಟಾಗ ಯಾರಿಗೂ ಲಕ್ಷಣ ಬರಲಿಲ್ಲ. ಹಾಗಾಗಿ ಬೆಕ್ಕಿನಿಂದ ಸಾಮಾನ್ಯ ಜನರಿಗೆ ಅಪಾಯ ಕಡಿಮೆ ಎಂಬ ಆರೋಗ್ಯ ಸಂಸ್ಥೆಗಳ ಮಾತು ಸರಿಯಾದದ್ದೇ.

ಆದರೂ ಭಾರತದ ಮಾನವ ಪ್ರಕರಣಗಳನ್ನು ನೋಡಿದರೆ ಬೆಕ್ಕಿನ ತಟ್ಟೆ ಮತ್ತೆ ನೆನಪಾಗುತ್ತದೆ. 2019ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಮೇಳಘಾಟದ 17 ತಿಂಗಳ ಮಗುವಿನಲ್ಲಿ ಇನ್ನೊಂದು ಹಕ್ಕಿಫ್ಲೂ ವೈರಸ್ ಎಚ್‌9ಎನ್‌2 ಸಿಕ್ಕಿತು, ಮಗು ಚೇತರಿಸಿಕೊಂಡಿತು. 2021ರ ಜುಲೈಯಲ್ಲಿ ಹರಿಯಾಣದ ಬಾಲಕನೊಬ್ಬ ದೆಹಲಿಯ ಏಮ್ಸ್‌ನಲ್ಲಿ ಎಚ್‌5ಎನ್‌1ರಿಂದ ಸತ್ತ. ದೇಶದ ಮೊದಲ ಸಾವು ಅದು. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಹೆಣ್ಣುಮಗು ಸತ್ತಿತು. ಅಡುಗೆಗೆ ಕೋಳಿ ಹೆಚ್ಚುತ್ತಿದ್ದಾಗ ಕೊಟ್ಟ ಒಂದು ಹಸಿ ಚೂರು ಬಾಯಿಗೆ ಹಾಕಿಕೊಂಡಿತ್ತು. ಅದೇ ಚೂರು ಅದೇ ಹೊತ್ತಿಗೆ ಎಷ್ಟೋ ಅಡುಗೆಮನೆಗಳಲ್ಲಿ ಕಾಲು ಸುತ್ತುವ ಬೆಕ್ಕಿಗೂ ಬೀಳುತ್ತದೆ. ಬೆಕ್ಕಿನ ನ್ಯುಮೋನಿಯಾ ಮನುಷ್ಯರಿಗೆ ಹೇಳುವ ಸುದ್ದಿ ಇದು: ಈ ಮನೆಗೆ, ಈ ಬೀದಿಗೆ ಕೆಟ್ಟ ಕೋಳಿ ಬಂದಿದೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ನಮ್ಮ ದೇಶದಲ್ಲಿ ಬೆಕ್ಕಿನಿಂದ ಮನುಷ್ಯರಿಗಿರುವ ನಿಜವಾದ ವೈರಸ್ ಅಪಾಯ ರೇಬೀಸ್. ಸೀನಿಗೆ ಹೆದರುವವರು ಪರಚಿದ್ದನ್ನು ಅರಿಶಿನ ಹಚ್ಚಿ ಮರೆತುಬಿಡುತ್ತಾರೆ. ಕಚ್ಚಿದ, ಪರಚಿದ ಜಾಗವನ್ನು 15 ನಿಮಿಷ ಸಾಬೂನು ಹಾಕಿ ಹರಿಯುವ ನೀರಲ್ಲಿ ತೊಳೆದು ಅದೇ ದಿನ ಲಸಿಕೆಗೆ ಹೋಗಬೇಕು.

ಚಿಕಿತ್ಸೆ

ಆಮ್ಲಜನಕ, ನೀರು, ಆಹಾರ, ಬೆಚ್ಚಗಿನ ಜಾಗ. ಉಳಿದದ್ದೆಲ್ಲ ಇವುಗಳ ನಂತರ. ಮೂಗು ಕಟ್ಟಿದ ಬೆಕ್ಕನ್ನು ಬಿಸಿನೀರು ಬಿಟ್ಟ ಬಚ್ಚಲುಮನೆಯಲ್ಲಿ ಹತ್ತು ನಿಮಿಷ ಕೂರಿಸಿದರೆ ಕಫ ಸಡಿಲವಾಗುತ್ತದೆ. ಬೆಚ್ಚಗೆ ಮಾಡಿದ ಮೀನಿನ ಸಾರು ವಾಸನೆಯಿಂದಲೇ ಹಸಿವನ್ನು ಎಬ್ಬಿಸುತ್ತದೆ. ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ವೈದ್ಯರು ಡಾಕ್ಸಿಸೈಕ್ಲಿನ್‌ನಂಥ ಔಷಧ ಕೊಡುತ್ತಾರೆ. ಈ ಗುಳಿಗೆಯನ್ನು ಒಣದಾಗಿ ನುಂಗಿಸಿದರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿ ಸುಟ್ಟು ಗಾಯವಾಗುತ್ತದೆ, ಮೇಲೆ ನೀರು ಕುಡಿಸಲೇಬೇಕು. ಹರ್ಪಿಸ್‌ಗೆ ಫ್ಯಾಮ್ಸಿಕ್ಲೋವಿರ್ ಇದೆ. ಎಚ್‌5ಎನ್‌1 ಬಂದ ಬೆಕ್ಕು ಉಳಿಯುವುದು ವಿರಳ.

ಮನೆಯಲ್ಲಿ ಆಗುವ ದೊಡ್ಡ ಅನಾಹುತ ಪ್ಯಾರಾಸಿಟಮಾಲ್‌ನದು. ಬೆಕ್ಕಿನ ಮೈ ಸುಡುತ್ತಿದೆಯೆಂದು ಮಕ್ಕಳ ಜ್ವರದ ಸಿರಪ್ಪನ್ನು ಕಾಲು ಚಮಚ ಕೊಡುವವರಿದ್ದಾರೆ. ಈ ಔಷಧವನ್ನು ಕರಗಿಸಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ಕೆಲವೇ ತಾಸುಗಳಲ್ಲಿ ರಕ್ತ ಚಾಕಲೇಟಿನ ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದಗಳು ಊದಿಕೊಳ್ಳುತ್ತವೆ, ಒಸಡು ಕಂದಾಗುತ್ತದೆ. ನ್ಯುಮೋನಿಯಾದಿಂದ ಉಳಿಯಬಹುದಾಗಿದ್ದ ಬೆಕ್ಕು ಜ್ವರದ ಔಷಧದಿಂದ ಸಾಯುತ್ತದೆ. ನೀಲಗಿರಿ ಎಣ್ಣೆ, ವಿಕ್ಸ್ ಹಚ್ಚುವುದೂ ಕೂಡದು. ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ತಡೆ, ವರದಿ

ಹರ್ಪಿಸ್, ಕ್ಯಾಲಿಸಿ, ಪ್ಯಾನ್‌ಲ್ಯೂಕೊಪೀನಿಯಾ ಮೂರಕ್ಕೂ ಸೇರಿ ಒಂದೇ ಲಸಿಕೆ ಬರುತ್ತದೆ. ಮರಿಗೆ 6ರಿಂದ 8 ವಾರವಾದಾಗ ಆರಂಭಿಸಿ, 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡಬೇಕು. ಪ್ಯಾನ್‌ಲ್ಯೂಕೊಪೀನಿಯಾವನ್ನು ಈ ಲಸಿಕೆ ಚೆನ್ನಾಗಿ ತಡೆಯುತ್ತದೆ. ಉಳಿದೆರಡರಲ್ಲಿ ಸೋಂಕನ್ನು ಪೂರ್ತಿ ತಡೆಯದಿದ್ದರೂ ಅದು ಎದೆಗಿಳಿಯದಂತೆ ನೋಡಿಕೊಳ್ಳುತ್ತದೆ. ಹಕ್ಕಿಜ್ವರಕ್ಕೆ ನಮ್ಮಲ್ಲಿ ಬೆಕ್ಕಿನ ಲಸಿಕೆ ಇಲ್ಲ. ಅದಕ್ಕಿರುವ ತಡೆ ಒಲೆ: ಕೋಳಿಯ ಕರುಳಾಗಲಿ ಕಾಲಾಗಲಿ ಒಳಗಿನವರೆಗೂ 70 ಡಿಗ್ರಿ ಮುಟ್ಟುವಂತೆ ಬೇಯಿಸಿದರೆ ವೈರಸ್ ಉಳಿಯದು. ಹಾಲನ್ನು ಕಾಯಿಸಿಯೇ ಬಳಸುವ ನಮ್ಮ ಅಡುಗೆಮನೆಯ ಅಭ್ಯಾಸ ಬೆಕ್ಕಿನ ಬಟ್ಟಲಿಗೂ ಸಲ್ಲಬೇಕು.

ಸುತ್ತಮುತ್ತ ಕಾಗೆ, ಕೋಳಿ ಸಾಯುತ್ತಿರುವಾಗ ಬೆಕ್ಕೂ ಸತ್ತರೆ ತಿಪ್ಪೆಗೆ ಎಸೆಯಬಾರದು, ಮನೆಯ ಹಿಂದೆ ಗುಂಡಿ ತೋಡಿ ಹೂತುಬಿಡಲೂಬಾರದು. ಹಕ್ಕಿಜ್ವರ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಡಿ ವರದಿ ಮಾಡಲೇಬೇಕಾದ ರೋಗ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಬಹುದು. ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಸಂಚಾರಿ ಪಶುಚಿಕಿತ್ಸೆಯ ದೂರವಾಣಿ 1962. ಕೈಗವಸಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ಹಾಕಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು, ಕಳೇಬರವನ್ನು ಎರಡು ಚೀಲಗಳಲ್ಲಿ ಕಟ್ಟಿ ಪಶುವೈದ್ಯರು ಬರುವವರೆಗೆ ಮಕ್ಕಳಿಂದ, ನಾಯಿಗಳಿಂದ ದೂರ ಇಡಬೇಕು. ವೈದ್ಯರು ಮೂಗು, ಗಂಟಲು, ಗುದದ್ವಾರದ ಮಾದರಿ ತೆಗೆದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಾಜ್ಯದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಅದು ಬೆಂಗಳೂರಿನ ಹೆಬ್ಬಾಳದಲ್ಲಿದೆ, ಮಹಾರಾಷ್ಟ್ರದಲ್ಲಿ ಪುಣೆಯ ಔಂಧ್‌ನಲ್ಲಿ. ಕೊನೆಯ ತೀರ್ಪು ಭೋಪಾಲದ ಉನ್ನತ ಸುರಕ್ಷತಾ ಪಶುರೋಗ ಸಂಸ್ಥೆಯದು.

ಬೆಕ್ಕನ್ನು ಮುಟ್ಟಿದವರು, ಅದರ ತಟ್ಟೆ ತೊಳೆದವರು, ಅದರೊಂದಿಗೆ ಮಲಗಿದ ಮಕ್ಕಳು ಅಂದಿನಿಂದ 10 ದಿನ ದಿನಕ್ಕೆರಡು ಸಲ ಜ್ವರ ನೋಡಿಕೊಳ್ಳಬೇಕು. ಕಣ್ಣು ಕೆಂಪಾದರೆ, ಕೆಮ್ಮು ಬಂದರೆ ವೈದ್ಯರ ಬಳಿ ಹೋಗಿ ಮೊದಲ ಮಾತಿಗೇ ಬೆಕ್ಕು ಸತ್ತ ವಿಷಯ ಹೇಳಬೇಕು. ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಕಂಡ ಮೊದಲ 48 ತಾಸುಗಳಲ್ಲಿ.